ಸುಣ್ಣದ ತಿಳಿ ಕಲಿಸಿದ ಪಾಠ

‘ಸುಣ್ಣದ ತಿಳಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಾಯಿಸಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ.’ ಕನ್ನಡ ನಾಡಿನಲ್ಲಿ ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಈ ವಾಕ್ಯವನ್ನು ಒಮ್ಮೆಯಾದರೂ ಬರೆಯದವರು ವಿರಳ. ಬರೆದುದಕ್ಕೆ ಒಂದೋ ಎರಡೋ ಅಂಕಗಳೂ ದೊರೆತಿರುತ್ತವೆ. ಆದರೆ ಹಾಗೆ ಬೆಳ್ಳಗಾಗುವುದನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಕಂಡವರಲ್ಲಿಯೂ, ಅದು ಏಕೆ ಹಾಗಾಯಿತೆಂದು ತಮ್ಮನ್ನು ತಾವೇ ಕೇಳಿಕೊಂಡವರು ಎಷ್ಟು ಮಂದಿ? ರಸಾಯನಶಾಸ್ತ್ರವನ್ನು ಬೋಧಿಸಿಯೇ ಬಾಳಿನ ಬಹುಭಾಗವನ್ನು ಕಳೆದ ನನ್ನಂಥವನಿಗೆ ಈ ಪ್ರಶ್ನೆ ಸುಖಕರವಾದುದಲ್ಲ. ಏಕೆಂದರೆ ಬಹಳ ಕಾಲ ಈ ಪ್ರಶ್ನೆಯನ್ನು ನಾನೂ ಕೇಳಿಕೊಂಡಿರಲಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಈ ನಾಲ್ಕು ಊರುಗಳ ಶಾಲೆಗಳಲ್ಲಿ ನಾನು ಪಾಠ ಹೇಳಿದ್ದೇನೆ. ವರ್ಗಾವಣೆಯ ಆಜ್ಞೆ ಬಂದಾಗಲೆಲ್ಲ ಹಾಸಿಗೆ ಪಾತ್ರೆಗಳೊಡನೆ ಒಂದು ಮರದ ಪೆಟ್ಟಿಗೆಯೂ ನನ್ನ ಹಿಂದೆ ಬರುತ್ತಿತ್ತು. ಅದರೊಳಗೆ ಒಂದಿಷ್ಟು ಪ್ರನಾಳಗಳು, ಒಂದು ಸ್ಪಿರಿಟ್ ದೀಪ, ಮೈಲುತುತ್ತದ ಪೊಟ್ಟಣ, ಪೆಟ್ಲುಪ್ಪಿನ ಸೀಸೆ. ಸರ್ಕಾರದ ಬೀರುವಿನ ಬೀಗದ ಕೈ ಸಿಕ್ಕಲಿ, ಸಿಕ್ಕದಿರಲಿ, ನನ್ನ ಪಾಠ ನಿಲ್ಲಬಾರದೆಂಬುದು ನನ್ನ ಹಟ. ಪ್ರಯೋಗ ಮಾಡಿ ತೋರಿಸುವ ಮೇಷ್ಟರೆಂದು ನನಗೆ ಸ್ವಲ್ಪ ಹೆಸರೂ ಇತ್ತು. ಆ ಹೆಸರು ಎಷ್ಟು ಟೊಳ್ಳಾದುದೆಂದು ನನಗೆ ತಿಳಿಸಿಕೊಟ್ಟವಳು ಹಿರಿಯೂರಿನ ಒಬ್ಬ ಹುಡುಗಿ. ಅದನ್ನು ಹೇಳುವ ಮುನ್ನ ಚಿತ್ರದುರ್ಗದ ಸಂಗತಿಯೊಂದನ್ನು ಹೇಳಬೇಕು.

ದುರ್ಗದ ಬೆಟ್ಟ ಹತ್ತಿದವರು ಅಲ್ಲಿ ಮದ್ದು ಬೀಸುವ ಕಲ್ಲುಗಳನ್ನು ನೋಡಿರುತ್ತಾರೆ. ಗುಂಡಿಯೊಂದರಲ್ಲಿ ಇಂದಿಗೂ ಇರುವ ಆ ಭಾರಿ ಬೀಸುಕಲ್ಲುಗಳು ಪಾಳೆಯಗಾರರ ಕಾಲದ ಕೋಟೆಯ ತೋಪುಗಳಿಗೆ ಮದ್ದು ಒದಗಿಸಿದಂಥವು. 1779ರಲ್ಲಿ ಮದಕರಿ ನಾಯಕನ ಕೋಟೆ ಹೈದರಾಲಿಯ ವಶವಾಯಿತು. ಕಲ್ಲುಗಳು ಮಾತ್ರ ಇದ್ದಲ್ಲಿಯೇ ಉಳಿದಿವೆ. ಮದ್ದೆಂದರೆ ಮೂರು ವಸ್ತುಗಳು: ಪೆಟ್ಲುಪ್ಪು, ಗಂಧಕ, ಇದ್ದಿಲು. ಇವುಗಳಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ. ಮೂರನ್ನೂ ಬೆರೆಸುವ ಗೊಡವೆಗೆ ತರಗತಿಯಲ್ಲಿ ಯಾರೂ ಹೋಗಬಾರದು. ಆದರೆ ಪೆಟ್ಲುಪ್ಪಿನ ಗುಣವನ್ನಷ್ಟೇ ತೋರಿಸಲು ಒಂದು ಚೆಲುವಾದ ಪ್ರಯೋಗವಿದೆ. ಗಟ್ಟಿಗಾಜಿನ ಪ್ರನಾಳದಲ್ಲಿ ಅದನ್ನು ಕರಗುವವರೆಗೆ ಕಾಯಿಸಿ, ಇದ್ದಿಲಿನ ಒಂದು ಚೂರನ್ನು ಒಳಗೆ ಬಿಟ್ಟರೆ, ಆ ಚೂರು ಕರಗಿದ ಉಪ್ಪಿನ ಮೇಲೆ ಕುಣಿಯುತ್ತ ಕಣ್ಣು ಕೋರೈಸುವಂತೆ ಉರಿಯುತ್ತದೆ. ಉಪ್ಪು ಬಿಟ್ಟುಕೊಟ್ಟ ಆಮ್ಲಜನಕವೇ ಅದಕ್ಕೆ ಆಹಾರ. ತೋಪಿನ ಮುಚ್ಚಿದ ಬುಡದಲ್ಲಿ, ಹೊರಗಾಳಿಯ ಹಂಗಿಲ್ಲದೆ ಮದ್ದು ಹೊತ್ತಿಕೊಳ್ಳುವ ಗುಟ್ಟು ಇಷ್ಟೇ.

ನಾನು ಇದನ್ನೆಲ್ಲ ಮೊದಲೇ ಹೇಳಿ, ಬಳಿಕ ತೋರಿಸಿದೆ. ಹುಡುಗರು ಚಪ್ಪಾಳೆ ತಟ್ಟಿದರು. ಪಕ್ಕದ ತರಗತಿಯ ಹುಡುಗರೂ ಕಿಟಕಿಗೆ ಬಂದು ನಿಂತರು. ತಿಂಗಳು ಕಳೆದ ಮೇಲೆ ಕಿರುಪರೀಕ್ಷೆಯಲ್ಲಿ, ಇದ್ದಿಲು ಉರಿಯಲು ಆಮ್ಲಜನಕ ಎಲ್ಲಿಂದ ಬಂದಿತೆಂದು ಕೇಳಿದೆ. ಮುಕ್ಕಾಲು ಪಾಲು ಹುಡುಗರು ‘ಗಾಳಿಯಿಂದ’ ಎಂದು ಬರೆದರು. ಬೆಳಕು ನೆನಪಿನಲ್ಲಿ ಉಳಿದಿತ್ತು, ಅರ್ಥ ಉಳಿದಿರಲಿಲ್ಲ. ಹುಡುಗರಿಗೆ ಲಕ್ಷ್ಯ ಸಾಲದೆಂದು ಬಗೆದು ನಾನು ಸುಮ್ಮನಾದೆ. ತಪ್ಪು ನನ್ನದಿರಬಹುದೆಂಬ ಶಂಕೆ ಆಗ ಬರಲಿಲ್ಲ.

ಅಲ್ಲಿಂದ ಹಿರಿಯೂರಿಗೆ ವರ್ಗವಾಯಿತು. ಹಿರಿಯೂರಿನ ಮಕ್ಕಳಿಗೆ ಸುಣ್ಣದ ಕಥೆ ಹೇಳುವುದು ಸುಲಭ. ಊರಿಗೆ ಸಮೀಪದಲ್ಲಿಯೇ ವೇದಾವತಿಗೆ ಅಡ್ಡಲಾಗಿ ನಿಂತಿರುವ ಮಾರಿಕಣಿವೆಯ ಕಟ್ಟೆ, ಎಂದರೆ ವಾಣಿವಿಲಾಸ ಸಾಗರ, 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದುದು. ಸಿಮೆಂಟಿನ ಯುಗ ನಮ್ಮಲ್ಲಿ ಇನ್ನೂ ಕಾಲಿಡದಿದ್ದ ದಿನಗಳಲ್ಲಿ ಸುಣ್ಣದ ಗಾರೆಯನ್ನು ನಂಬಿ ಕಟ್ಟಿದ ಕಟ್ಟೆ ಅದು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡು ಹೊರಟುಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹನಿಸಿದರೆ ಬುಸುಗುಟ್ಟಿ ಅರಳುತ್ತದೆ. ಅರಳಿದ ಸುಣ್ಣ ಗಾರೆಯಾಗಿ ಗೋಡೆ ಸೇರಿದ ಮೇಲೆ, ಕಳೆದುಕೊಂಡ ಡೈಆಕ್ಸೈಡನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹಿಂದಕ್ಕೆ ಪಡೆದು ಮತ್ತೆ ಕಲ್ಲಾಗುತ್ತದೆ. ಇಟ್ಟಿಗೆಯ ಪುಡಿ ಬೆರೆಸಿದ ಗಾರೆಯಾದರೆ, ಗಾಳಿ ಮುಟ್ಟದ ಒಳಭಾಗದಲ್ಲಿಯೂ ಆ ಪುಡಿಯೊಡನೆ ಸುಣ್ಣ ಕೂಡಿ ಗಟ್ಟಿಯಾಗುತ್ತದೆ. ಸುಣ್ಣದ ತಿಳಿಗೆ ಉಸಿರು ಊದಿದಾಗ ಪ್ರನಾಳದಲ್ಲಿ ಒಂದು ನಿಮಿಷದಲ್ಲಿ ನಡೆಯುವುದೂ, ಗೋಡೆಯ ಗಾರೆಯ ಮೇಲ್ಮೈಯಲ್ಲಿ ವರ್ಷಗಟ್ಟಲೆ ನಡೆಯುವುದೂ ಒಂದೇ ಕ್ರಿಯೆ. ಆ ಬಿಳುಪು ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಸಣ್ಣ ಕಣಗಳು. ಮಾತಿನಲ್ಲಿ ಹೇಳುವುದಾದರೆ ಕಲ್ಲಿನ ಹಿಟ್ಟು.

ಒಂದು ದಿನ ಈ ಪ್ರಯೋಗಕ್ಕೆ ಅಣಿಮಾಡಿಕೊಂಡೆ. ಎಲೆ ಅಡಿಕೆಯ ಸುಣ್ಣವನ್ನು ಹಿಂದಿನ ಸಂಜೆಯೇ ನೀರಿನಲ್ಲಿ ಕದಡಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಬಸಿದುಕೊಂಡಿದ್ದೆ. ಮಕ್ಕಳು ಹೆಚ್ಚು, ತಿಳಿ ಕಡಿಮೆ. ಎಲ್ಲರಿಗೂ ಒದಗಲೆಂದು ಒಂದು ಪಾಲು ತಿಳಿಗೆ ಎಂಟು ಹತ್ತು ಪಾಲು ಬಟ್ಟಿ ಇಳಿಸಿದ ನೀರು ಬೆರೆಸಿದೆ. ಗಾಜಿನ ಕೊಳವೆಗಳಿಗೆ ಬದಲಾಗಿ ಪರಂಗಿ ಎಲೆಯ ದಂಟುಗಳನ್ನು ಕತ್ತರಿಸಿ ಹಂಚಿದೆ. ‘ಊದಬೇಕು, ಹೀರಬಾರದು’ ಎಂದು ಎಚ್ಚರಿಕೆ ಹೇಳಿದೆ. ಮಕ್ಕಳು ಊದಿದರು, ತಿಳಿ ಮಸಕಾಗಿ ಬೆಳ್ಳಗಾಯಿತು. ನಾನು ಕಪ್ಪು ಹಲಗೆಯ ಕಡೆ ತಿರುಗಿ ಸಮೀಕರಣ ಬರೆಯತೊಡಗಿದೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು.

ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಮಾತ್ರ ಬರೆಯದೆ ಊದುತ್ತಲೇ ಇದ್ದಳು. ನಿಲ್ಲಿಸೆಂದು ನಾನು ಹೇಳಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ನಿಂತು, ‘ಸಾರ್, ಮೊದಲು ಹಾಲಾಯಿತು, ಈಗ ಮತ್ತೆ ನೀರಾಯಿತು’ ಎಂದಳು. ಕೈಗೆ ತೆಗೆದುಕೊಂಡು ನೋಡಿದೆ. ಪ್ರನಾಳದಲ್ಲಿ ಬಿಳುಪಿನ ಸುಳಿವಿರಲಿಲ್ಲ.

‘ಏನಮ್ಮಾ ಬೆರೆಸಿದೆ ಇದಕ್ಕೆ?’

‘ನಾನೇನೂ ಹಾಕಿಲ್ಲ ಸಾರ್. ಬರೇ ಊದಿದೆ, ಅಷ್ಟೇ.’

‘ಊದಿದರೆ ಬೆಳ್ಳಗಾಗುತ್ತದೆ ಎಂದು ಹಲಗೆಯ ಮೇಲೆ ಬರೆದಿಲ್ಲವೇ? ಇದ್ದುದನ್ನು ಚೆಲ್ಲಿ ನೀರು ತುಂಬಿಕೊಂಡಿದ್ದೀಯೆ. ಕೂತುಕೋ.’

ತರಗತಿ ನಕ್ಕಿತು. ಅವಳು ಕುಳಿತಳು. ಗಂಟೆ ಹೊಡೆಯಿತು.

ಅಂದು ಸಂಜೆ ಮನೆಯಲ್ಲಿ ಸ್ನಾನದ ಹಂಡೆಯನ್ನು ತೊಳೆಯಲು ಹೊರಗಿಟ್ಟಿದ್ದರು. ಅದರ ಒಳಮೈಗೆಲ್ಲ ಬಿಳಿಯ ಪೊರೆ ಹತ್ತಿಕೊಂಡಿತ್ತು. ಹಿರಿಯೂರಿನ ಕೊಳವೆಬಾವಿಯ ನೀರು ಕಾಯಿಸುವ ಮನೆಗಳಲ್ಲಿ ಇದು ನಿತ್ಯದ ನೋಟ. ‘ಉಪ್ಪು ಕಟ್ಟಿದೆ’ ಎಂದು ಜನ ಹೇಳುವ ಆ ಪೊರೆಯನ್ನು ನೋಡುತ್ತ ನಿಂತವನಿಗೆ ಒಮ್ಮೆಲೇ ಎದೆ ಧಸಕ್ಕೆಂದಿತು. ಆ ಹುಡುಗಿ ಚೆಲ್ಲಿರಲಿಲ್ಲ, ಬೆರೆಸಿರಲಿಲ್ಲ. ಕಲ್ಲಿನ ಹಿಟ್ಟಿಗೆ ಇನ್ನಷ್ಟು ಡೈಆಕ್ಸೈಡು ಒದಗಿದರೆ ಅದು ನೀರಿನಲ್ಲಿ ಕರಗುವ ಬೈಕಾರ್ಬೊನೇಟ್ ಆಗುತ್ತದೆಂಬುದು ನಾನು ಓದಿ ತೇರ್ಗಡೆಯಾದ ವಿಷಯವೇ. ಸಾಮಾನ್ಯವಾಗಿ ಗಟ್ಟಿಯಾದ ಸುಣ್ಣದ ತಿಳಿಯನ್ನು ಬರಿಯ ಉಸಿರಿನಿಂದ ಹೀಗೆ ಮರಳಿ ತಿಳಿಯಾಗಿಸಲು ಆಗದು, ಉಸಿರಿನಲ್ಲಿರುವ ಡೈಆಕ್ಸೈಡು ನೂರಕ್ಕೆ ನಾಲ್ಕರಷ್ಟು ಮಾತ್ರ. ಅಂದು ನಾನೇ ನೀರು ಬೆರೆಸಿ ತಿಳಿಯನ್ನು ತೆಳುಮಾಡಿದ್ದೆ, ಅವಳು ಬಿಡದೆ ಊದಿದ್ದಳು. ಎರಡೂ ಕೂಡಿ, ಪಠ್ಯಪುಸ್ತಕದ ವಾಕ್ಯದ ಮುಂದಿನ ವಾಕ್ಯ ಅವಳ ಕೈಯಲ್ಲಿ ಬರೆದುಕೊಂಡಿತ್ತು.

ಆ ಮುಂದಿನ ವಾಕ್ಯವೇ ಹೆಚ್ಚು ದೊಡ್ಡದು. ಮಳೆಯ ನೀರು ಮಣ್ಣಿನೊಳಗಿನ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣದ ಅಂಶವನ್ನು ಕರಗಿಸಿ ಒಯ್ಯುವುದು ಹೀಗೆಯೇ. ಬಾವಿಯ ನೀರು ಗಡಸಾಗಿ ಸಾಬೂನು ನೊರೆಗಟ್ಟದಿರುವುದಕ್ಕೆ ಒಂದು ಮುಖ್ಯ ಕಾರಣ ಇದೇ. ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಗವಿಗಳು ಕೊರೆದುಕೊಳ್ಳುವುದೂ, ಹಳೆಯ ಗಾರೆಯ ಗೋಡೆಗಳು ನೀರು ಜಿನುಗಿದಲ್ಲಿ ಬಿಳಿಯ ಗೆರೆ ಬಿಡುವುದೂ ಈ ಕ್ರಿಯೆಯಿಂದಲೇ. ಆ ನೀರನ್ನು ಕಾಯಿಸಿದರೆ ಡೈಆಕ್ಸೈಡು ಹಾರಿಹೋಗಿ ಕಲ್ಲಿನ ಹಿಟ್ಟು ಮತ್ತೆ ಹೊರಬಿದ್ದು ಹಂಡೆಗೆ ಅಂಟುತ್ತದೆ. ಕಟ್ಟೆಯ ಗಾರೆಯನ್ನೂ ಮನೆಯ ಹಂಡೆಯನ್ನೂ ಒಂದೇ ಎಳೆಯಲ್ಲಿ ಪೋಣಿಸುವ ಪಾಠ ಅದು. ಹದಿನಾಲ್ಕು ವರ್ಷದ ಮಗುವೊಂದು ಅದನ್ನು ನನ್ನ ಮುಂದೆ ಹಿಡಿದಾಗ ನಾನು ಅವಳನ್ನು ಕಳ್ಳಿಯೆಂದು ಕೂರಿಸಿದ್ದೆ.

ಮರುದಿನ ತರಗತಿಯಲ್ಲಿ ನಾನು ಇದನ್ನೆಲ್ಲ ವಿವರಿಸಿದೆ. ಆದರೆ ಹೇಗೆ ವಿವರಿಸಿದೆ? ‘ನಿನ್ನೆಯ ಪ್ರಯೋಗಕ್ಕೆ ಇನ್ನೊಂದು ಭಾಗವಿದೆ’ ಎಂದು, ಅದು ನನಗೆ ಮೊದಲೇ ಗೊತ್ತಿದ್ದಂತೆ ಪ್ರಾರಂಭಿಸಿದೆ. ಅವಳ ಮಾತು ಸರಿಯಾಗಿತ್ತು, ನನ್ನದು ತಪ್ಪಾಗಿತ್ತು ಎಂಬ ಒಂದು ವಾಕ್ಯ ಬಾಯಿಂದ ಹೊರಡಲಿಲ್ಲ. ಮೇಷ್ಟರ ಗೌರವಕ್ಕೆ ಊನ ಬಂದೀತೆಂದು ಅಂಜಿದೆ. ಅವಳು ಆ ದಿನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಆ ವರ್ಷವೆಲ್ಲ ಅಲ್ಲಿಯೇ ಕುಳಿತಳು. ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಸುಣ್ಣದ ತಿಳಿ ‘ಹಾಲಿನಂತೆ ಬೆಳ್ಳಗಾಗುತ್ತದೆ’ ಎಂದು ಬರೆದಳು. ನಾನು ಪೂರ್ಣ ಅಂಕ ಕೊಟ್ಟೆ. ಅಷ್ಟು ಕಷ್ಟಪಟ್ಟು ನಾನು ಇನ್ನಾವ ಅಂಕವನ್ನೂ ಕೊಟ್ಟಿಲ್ಲ.

ಈ ಒಂದು ಪೆಟ್ಟು ಬಿದ್ದ ಮೇಲೆ ದುರ್ಗದ ಇದ್ದಿಲಿನ ಪ್ರಯೋಗ ಏಕೆ ವ್ಯರ್ಥವಾಯಿತೆಂಬುದೂ ಹೊಳೆಯಿತು. ಉತ್ತರವನ್ನು ಮೊದಲೇ ಹೇಳಿದ ಮೇಲೆ ಕಣ್ಣಿಗೆ ಮಾಡಲು ಏನು ಕೆಲಸ ಉಳಿಯಿತು? ಹುಡುಗರು ಬೆಳಕನ್ನು ನೋಡಿ ಸಂತೋಷಪಟ್ಟರು. ತಮ್ಮ ಮನಸ್ಸಿನಲ್ಲಿ ಬೇರೂರಿದ್ದ ‘ಉರಿಯಲು ಗಾಳಿ ಬೇಕು’ ಎಂಬ ಊಹೆಯನ್ನು ಮುಟ್ಟಿಯೂ ನೋಡಲಿಲ್ಲ. ಬಹಳ ವರ್ಷಗಳ ತರುವಾಯ, 2004ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎರಿಕ್ ಮಜೂರ್ ಮತ್ತು ಸಂಗಡಿಗರು ಭೌತಶಾಸ್ತ್ರದ ತರಗತಿಗಳಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಪ್ರಯೋಗವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳ ತಿಳಿವಳಿಕೆ, ನೋಡದವರ ತಿಳಿವಳಿಕೆಗಿಂತ ಹೆಚ್ಚೇನೂ ಮೇಲಾಗಿರಲಿಲ್ಲ. ಏನಾಗುವುದೆಂದು ಮುಂಚಿತವಾಗಿ ಊಹಿಸಿ ಬಳಿಕ ನೋಡಿದವರು ಮಾತ್ರ ನಿಜವಾಗಿ ಮುಂದಿದ್ದರು. ಅದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಹೊಳಲ್ಕೆರೆಗೆ ಹೋದ ಮೇಲೆ ಕ್ರಮವನ್ನು ತಿರುಗಿಸಿದೆ: ಮೊದಲು ಪ್ರಶ್ನೆ, ಆಮೇಲೆ ಊಹೆ, ಆಮೇಲೆ ಪ್ರಯೋಗ, ಎಲ್ಲಕ್ಕೂ ಕಡೆಯಲ್ಲಿ ಮೇಷ್ಟರ ಮಾತು. ಮೈಲುತುತ್ತದ ನೀಲಿ ನೀರಿನಲ್ಲಿ ಕಬ್ಬಿಣದ ಮೊಳೆಯನ್ನು ಇಳಿಬಿಡುವ ಪ್ರಯೋಗವನ್ನು ಎಲ್ಲ ಮೇಷ್ಟರೂ ಬಲ್ಲರು. ಇಳಿಬಿಡುವ ಮೊದಲು, ಏನಾದೀತೆಂದು ಪ್ರತಿಯೊಬ್ಬರಿಂದಲೂ ಬರೆಯಿಸಿದೆ. ಮೊಳೆ ನೀಲಿಯಾದೀತೆಂದರು ಕೆಲವರು, ಕರಗೀತೆಂದರು ಕೆಲವರು. ಸ್ವಲ್ಪ ಹೊತ್ತಿನಲ್ಲಿ ಮೊಳೆಗೆ ಕೆಂಪು ಲೇಪ ಹತ್ತಿದಾಗ ‘ತುಕ್ಕು, ತುಕ್ಕು’ ಎಂದು ತರಗತಿಯ ಅರ್ಧ ಭಾಗ ಕೂಗಿತು. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ತುಕ್ಕೋ ಅಲ್ಲವೋ ಎಂದು ನಿರ್ಧರಿಸುವ ಬಗೆ ಯಾವುದು ಎಂದಷ್ಟೇ ಕೇಳಿದೆ. ಹುಡುಗರೇ ವಾದಿಸಿ, ಹೊರಗಿನಿಂದ ತುಕ್ಕು ಹಿಡಿದ ಮೊಳೆಯೊಂದನ್ನು ತಂದು, ಎರಡನ್ನೂ ಬಟ್ಟೆಯಲ್ಲಿ ಉಜ್ಜಿದರು. ತುಕ್ಕು ಪುಡಿಯಾಗಿ ಉದುರಿತು. ಇನ್ನೊಂದು ತಾಮ್ರದ ಚೆಂಬಿನ ಹಾಗೆ ಮಿರುಗಿತು. ಹಾಗಾದರೆ ತಾಮ್ರ ಎಲ್ಲಿತ್ತು, ನೀಲಿ ಬಣ್ಣವೇಕೆ ಮಾಸುತ್ತ ಬಂತು, ಕಬ್ಬಿಣ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಅವರಿಂದಲೇ ಬಂದವು.

ಆಗ ಅಡಿಕೆ ತೋಟದ ಮನೆಯ ಹುಡುಗನೊಬ್ಬ ಎದ್ದು, ‘ನಮ್ಮ ತೋಟದಾಗೆ ಔಷಧಿ ಕಲಸಿದಾಗ ಅಪ್ಪ ಕುಡುಗೋಲು ಅದ್ದಿ ನೋಡ್ತಾರೆ ಸಾರ್, ಕೆಂಪಾದರೆ ಇನ್ನಷ್ಟು ಸುಣ್ಣ ಹಾಕ್ತಾರೆ’ ಎಂದ. ಮಾತು ಬೋರ್ಡೋ ದ್ರಾವಣದ್ದು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಬಳಕೆಗೆ ತಂದ ಈ ಮದ್ದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ ನಮ್ಮ ಅಡಿಕೆಯ ಕೊಳೆರೋಗಕ್ಕೆ ಮದ್ದಾಯಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಲದಿದ್ದರೆ ಬಿಡಿಯಾಗಿ ಉಳಿದ ತಾಮ್ರ ಗಿಡವನ್ನು ಸುಡುತ್ತದೆ. ಅದೇ ತಾಮ್ರ ಕುಡುಗೋಲಿಗೂ ಹತ್ತಿ ತನ್ನ ಇರವನ್ನು ತಿಳಿಸುತ್ತದೆ. ನಾನು ಪೆಟ್ಟಿಗೆಯಲ್ಲಿ ಹೊತ್ತು ತಂದಿದ್ದ ಪ್ರಯೋಗವನ್ನು ಅವನ ತಂದೆ ಪ್ರತಿ ಮಳೆಗಾಲದಲ್ಲಿಯೂ ಮಾಡುತ್ತಿದ್ದರು. ಅಂದು ಆ ಹುಡುಗನನ್ನು ಹಲಗೆಯ ಬಳಿಗೆ ಕರೆದು, ಉಳಿದ ಪಾಠವನ್ನು ಅವನಿಂದಲೇ ಹೇಳಿಸಿದೆ. ಹಿರಿಯೂರಿನಲ್ಲಿ ಮಾಡಬೇಕಾಗಿದ್ದ ಕೆಲಸ ಅದು.

ಹೊಸದುರ್ಗದಲ್ಲಿ ಪ್ರಯೋಗದ ವಸ್ತುಗಳನ್ನು ಮಕ್ಕಳೇ ತರುವಂತಾಯಿತು. ಆ ತಾಲ್ಲೂಕಿನ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗಳಿಗೆ ಹೆಸರಾಗಿದ್ದ ಊರು. ಟಿಪ್ಪುವಿನ ಪತನದ ಬಳಿಕ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಅಲ್ಲಿಯ ಗಾಜಿನ ಕೆಲಸವನ್ನು ವಿವರಿಸಿದ್ದಾನೆ. ಬೆಣಚುಕಲ್ಲಿನ ಪುಡಿ, ಚೌಳು ಮಣ್ಣಿನಿಂದ ತೆಗೆದ ಕ್ಷಾರ, ಬಣ್ಣಕ್ಕೆ ಲೋಹಗಳ ಅಂಶ, ಇಷ್ಟರಿಂದ ಬಳೆ. ಈ ಕಥೆ ಹೇಳಿ, ಗಾಜಿಗೆ ಬಣ್ಣ ಎಲ್ಲಿಂದ ಬಂದೀತೆಂದು ಕೇಳಿದೆ. ಮರುದಿನ ಮಕ್ಕಳು ಕಿಸೆಗಳಲ್ಲಿ ಕಲ್ಲು ತುಂಬಿಕೊಂಡು ಬಂದರು. ಅಕ್ಕಸಾಲಿಗರಿಂದ ಊದುಕೊಳವೆಯನ್ನೂ ಚಿಟಿಕೆ ಬಿಳಿಗಾರವನ್ನೂ ಕೇಳಿ ತಂದೆವು. ತಂತಿಯ ಕುಣಿಕೆಯಲ್ಲಿ ಬಿಳಿಗಾರವನ್ನು ಕಾಯಿಸಿದರೆ ಉಬ್ಬಿ, ಕರಗಿ, ಗಾಜಿನ ಮಣಿಯಾಗುತ್ತದೆ. ಮ್ಯಾಂಗನೀಸಿನ ಕರಿಯ ಕಲ್ಲಿನ ಪುಡಿಯನ್ನು ಅದಕ್ಕೆ ಸೋಕಿಸಿ, ಜ್ವಾಲೆಯ ಹೊರ ಅಂಚಿನಲ್ಲಿ ಹಿಡಿದರೆ ಮಣಿ ನೇರಳೆಯಾಗುತ್ತದೆ. ಮೈಲುತುತ್ತದ ಕಣ ಸೋಕಿದರೆ ನೀಲಿಯಾಗುತ್ತದೆ. ಕರಿಯ ಕಲ್ಲಿನಿಂದ ಕರಿಯ ಮಣಿಯೇ ಆದೀತೆಂದು ಎಲ್ಲರೂ ಪಣ ತೊಟ್ಟಿದ್ದರು. ನೇರಳೆಯ ಆ ಮಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಬ್ಬರಾದ ಮೇಲೊಬ್ಬರು ನೋಡಿದರು. ಆ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಕಿರುಪರೀಕ್ಷೆಯಲ್ಲಿ ಹೆಚ್ಚು ಮಂದಿ ಸರಿಯಾಗಿ ಬರೆದರು.

ಇದರಲ್ಲಿ ಹೊಸತೇನೂ ಇಲ್ಲ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತು, ವಿಜ್ಞಾನಿಯಾದ ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ 1848ರಲ್ಲಿ ಒಮ್ಮೆ, 1860-61ರಲ್ಲಿ ಮತ್ತೊಮ್ಮೆ, ಮಕ್ಕಳಿಗಾಗಿ ಕೊಟ್ಟ ಉಪನ್ಯಾಸಗಳ ವಿಷಯ ಬರಿಯ ಒಂದು ಮೇಣದ ಬತ್ತಿ. ಪ್ರತಿಯೊಂದು ಮನೆಯಲ್ಲಿಯೂ ಇದ್ದ ವಸ್ತುವಿನಿಂದ ಹೊರಟು, ಕೊನೆಯ ಉಪನ್ಯಾಸದಲ್ಲಿ ಸುಣ್ಣದ ತಿಳಿಗೆ ಉಸಿರೂದಿ, ದೇಹವೂ ಒಂದು ಬಗೆಯಲ್ಲಿ ಉರಿಯುವ ಬತ್ತಿಯೇ ಎಂದು ತೋರಿಸಿದನು.

ಊಹಿಸಬೇಕಾದರೆ ಮಗುವಿಗೆ ತನ್ನ ಮಾತು ಬೇಕೆಂಬುದನ್ನೂ ಮರೆಯಲಾಗದು. ‘ಹಾಲಾಯಿತು, ನೀರಾಯಿತು’ ಎಂಬುದು ಶಾಸ್ತ್ರದ ಪರಿಭಾಷೆಯಲ್ಲ. ಆದರೂ ಆ ಐದು ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಕೇಳಿಬಂದ ಅತ್ಯಂತ ನಿಖರವಾದ ವರದಿ ಅದೇ. 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರತಂದ ಬೆಳ್ಳಾವೆ ವೆಂಕಟನಾರಣಪ್ಪನವರಿಂದ ಹಿಡಿದು, ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಜಗಳೂರಿನ ಜೆ. ಆರ್. ಲಕ್ಷ್ಮಣರಾಯರವರೆಗೆ, ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರು ದುಡಿದುದು ಆ ಮಾತಿಗೂ ಪರಿಭಾಷೆಗೂ ನಡುವೆ ಸೇತುವೆ ಕಟ್ಟುವುದಕ್ಕೆ. ಇಂದು ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಶಾಲಾ ಕಾಲೇಜುಗಳ ಶಿಕ್ಷಕರಿಗೆ ಪ್ರಯೋಗಗಳಲ್ಲಿಯೇ ತರಬೇತಿ ನೀಡುತ್ತಿದೆ. ನನ್ನ ಕಾಲದಲ್ಲಿ ಇಂಥದೊಂದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೂ, ಉಪಕರಣವನ್ನು ಕೊಡಬಹುದು, ವಿಧಾನವನ್ನು ಕಲಿಸಬಹುದು. ಎದುರಿಗೆ ನಿಂತ ಮಗು ಹಲಗೆಯ ಮೇಲೆ ಇಲ್ಲದುದನ್ನು ಹೇಳಿದಾಗ ಒಂದು ಗಳಿಗೆ ಸುಮ್ಮನಿರುವ ತಾಳ್ಮೆಯನ್ನು ಪ್ರತಿಯೊಬ್ಬ ಮೇಷ್ಟರೂ ತಾನೇ ಗಳಿಸಿಕೊಳ್ಳಬೇಕು.

ಹಿರಿಯೂರಿನ ಆ ವರ್ಷದ ತರುವಾಯ ನಿವೃತ್ತನಾಗುವವರೆಗೂ ಸುಣ್ಣದ ತಿಳಿಯ ಪ್ರಯೋಗವನ್ನು ನಾನು ಅರ್ಧಕ್ಕೆ ನಿಲ್ಲಿಸಲಿಲ್ಲ. ತಿಳಿಯನ್ನು ತೆಳುಮಾಡಿ ಕೊಟ್ಟು, ‘ನಿಲ್ಲಿಸೆನ್ನುವವರೆಗೂ ಊದಿ’ ಎನ್ನುತ್ತಿದ್ದೆ. ಬೆಳ್ಳಗಾದುದು ಮತ್ತೆ ತಿಳಿಯಾದ ಮೇಲೆ ಅದನ್ನು ಕಾಯಿಸಿ, ಮೂರನೆಯ ಸಲ ಮಸಕಾಗುವುದನ್ನೂ ತೋರಿಸುತ್ತಿದ್ದೆ. ಇದನ್ನು ಮೊದಲು ಕಂಡವಳು ಹಿರಿಯೂರಿನ ಒಬ್ಬ ವಿದ್ಯಾರ್ಥಿನಿ, ಅಂದು ನಾನು ಅವಳನ್ನು ನಂಬಲಿಲ್ಲ ಎಂದು ಪ್ರತಿ ತರಗತಿಯಲ್ಲಿಯೂ ಹೇಳುತ್ತಿದ್ದೆ. ಹೇಳಬೇಕಾದ ತರಗತಿಯಲ್ಲಿ ಮಾತ್ರ ಹೇಳಲಿಲ್ಲ. ಅವಳಿಗೆ ಈಗ ಮಕ್ಕಳು ಮೊಮ್ಮಕ್ಕಳು ಇರಬಹುದು. ಮನೆಯ ಪಾತ್ರೆಗೆ ಹತ್ತಿದ ಬಿಳಿಯ ಪೊರೆಯನ್ನು ಅವಳೂ ಉಜ್ಜಿ ತೊಳೆದಿರಬಹುದು. ಈ ಪುಟ ಅವಳ ಕಣ್ಣಿಗೆ ಬಿದ್ದರೆ, ಅಂದು ಅವಳ ಪ್ರನಾಳದಲ್ಲಿ ಆದುದು ಸರಿಯಾಗಿಯೇ ಆಗಿತ್ತೆಂದು ತಿಳಿದುಕೊಳ್ಳಲಿ.